ಕಾರ್ಬನ್ನಿಗೆ ಇಳಿಯದ ಕೆಂಪು

ಆಗುವುದಿಲ್ಲ ಎಂದು ಹೇಳಿದವರು ಇಬ್ಬರು. ಒಬ್ಬರು ದೇವದುರ್ಗದ ನನ್ನ ಸೋದರಮಾವ. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ನಮ್ಮವ್ವನ ಎದುರು ಕುಂತು, ಬೀಡಿ ಹಚ್ಚಿಕೊಂಡು, “ತಂಗೀ, ಹತ್ತು ಆತು, ಸಾಕು. ಡಿಗ್ರಿ ಅನ್ನೂದು ನಮ್ಮ ಮನಿ ಹೊಸ್ತಿಲ ದಾಟಿ ಬರಾಂಗಿಲ್ಲ. ಕೂಲಿ ಮಾಡೂ ಮಂದಿ ನಾವು” ಎಂದರು. ಇನ್ನೊಬ್ಬರು ನಾನು ಟೈಪಿಸ್ಟ್ ಆಗಿ ಸೇರಿದ ರಾಯಚೂರಿನ ಕ್ಷಯದ ದವಾಖಾನೆಯ ಹೆಡ್ ಕ್ಲರ್ಕ್. ಅವರು ಎರಡು ಸಲ ಆಗುವುದಿಲ್ಲ ಎಂದರು. ಕಾರ್ಬನ್ ಕಾಪಿಯಲ್ಲಿ ಕೆಂಪು ಬರುವುದು ಆಗುವುದಿಲ್ಲ ಎಂದದ್ದು ಮೊದಲನೆಯ ಸಲ. ನಮ್ಮ ಲ್ಯಾಬಿನ ಕಾಕಾಗೆ ಸರ್ಟಿಫಿಕೇಟ್ ಕೊಡುವುದು ಆಗುವುದಿಲ್ಲ ಎಂದದ್ದು ಎರಡನೆಯ ಸಲ.

ನಾನು ಬರೆಯುತ್ತಿರುವುದು ಆ ಕಾಕಾನ ಬಗ್ಗೆ. ದವಾಖಾನೆಯಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು, ಹೆಡ್ ಕ್ಲರ್ಕ್ ಒಬ್ಬರನ್ನು ಬಿಟ್ಟು. ಹೆಡ್ ಕ್ಲರ್ಕ್ “ಲೇ” ಎನ್ನುತ್ತಿದ್ದರು. ಹೆಸರು ಬರೆಯುವುದಿಲ್ಲ. ಹೆಸರು ಕಾಗದದ ಮೇಲೆ ಬೀಳುವುದೆಂದರೆ ಏನು ಎಂಬುದನ್ನು ಅವರೇ ನನಗೆ ಕಲಿಸಿದ್ದಾರೆ.

ಯಾಪಲದಿನ್ನಿಯ ಕುರಿ ಕಾಯುವ ಮನೆತನ ಅವರದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದವಾಖಾನೆಗೆ ಜವಾನನಾಗಿ ಬಂದವರು. ಹಿಂದೆ ಇದ್ದ ಹಳೆಯ ಡಾಕ್ಟರು, ಕಾಕಾನ ಕಣ್ಣು ಎಷ್ಟು ಚುರುಕು ಎಂಬುದನ್ನು ಕಂಡು, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರಂತೆ. ಆ ಡಾಕ್ಟರು ತೀರಿಹೋದ ಮೇಲೂ ಕಾಕಾ ಆ ಸ್ಟೂಲಿನಿಂದ ಏಳಲಿಲ್ಲ. ಸ್ಟೂಲಿನ ಮೇಲೆ ನಾಲ್ಕು ಮಡಿಕೆ ಮಾಡಿದ ಕಂಬಳಿ. ಬಲಗಡೆ ಹುಣಸೆಬೀಜ ತುಂಬಿದ ಒಂದು ಡಬ್ಬಿ ಮುಚ್ಚಳ, ಎಡಗಡೆ ಖಾಲಿ ಇರುವ ಇನ್ನೊಂದು. ಕಫ ಸವರಿದ ಒಂದು ಗಾಜನ್ನು ನೂರು ಜಾಗದಲ್ಲಿ ನೋಡಬೇಕು ಎಂದು ಹಳೆಯ ಡಾಕ್ಟರು ಹೇಳಿಹೋಗಿದ್ದರು. ಹತ್ತು ಜಾಗ ನೋಡಿದರೆ ಒಂದು ಬೀಜ ಬಲದಿಂದ ಎಡಕ್ಕೆ. ಹತ್ತು ಬೀಜ ಸರಿಯುವವರೆಗೆ ದೇವರು ಬಂದು ಕರೆದರೂ ಕಾಕಾ ತಲೆ ಎತ್ತುತ್ತಿರಲಿಲ್ಲ.

ನಗುವುದು ಕಡಿಮೆ. ರೊಟ್ಟಿಯನ್ನು ಕಿಟಕಿಯ ಹತ್ತಿರ ನಿಂತುಕೊಂಡೇ ತಿನ್ನುತ್ತಿದ್ದರು, ಅದಕ್ಕೆ ಮೊದಲು ಮೊಳಕೈವರೆಗೆ ಮೂರು ಸಲ ಸಾಬೂನು. ಮೈಗೆ ಯಾವಾಗಲೂ ಫಿನಾಯಿಲ್ ವಾಸನೆ. “ನನ್ನ ಹೇಣ್ತಿಗೆ ನಾ ಊರಿಗೆ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗ್ತದ” ಎಂದು ಒಂದು ಸಲ ಹೇಳಿದ್ದರು. ಅವರು ಹೇಳಿದ ಹಾಸ್ಯ ನನಗೆ ನೆನಪಿರುವುದು ಅದೊಂದೇ.

ನಮ್ಮ ದವಾಖಾನೆ ಕೋಟೆಯ ಹಳೆಯ ಗೋಡೆಗೆ ಆತುಕೊಂಡಿದ್ದ ಮೂರು ಕೋಣೆಗಳ ಕಟ್ಟಡ. ಒಂದು ಧರ್ಮಸಂಸ್ಥೆ ನಡೆಸುತ್ತಿತ್ತು. ಈಗ ಸಂಸ್ಥೆಯೂ ಇಲ್ಲ, ಕಟ್ಟಡವೂ ಇಲ್ಲ. ದೇವದುರ್ಗದಲ್ಲಿ ಒಬ್ಬ, ಮಾನ್ವಿಯಲ್ಲಿ ಒಬ್ಬ ಕಂಪೌಂಡರ್ ಇದ್ದರು. ಕೆಮ್ಮುವವರ ಕಫವನ್ನು ಅವರು ಸಣ್ಣ ಡಬ್ಬಿಗಳಲ್ಲಿ ಹಾಕಿ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದರು. ಕಾಕಾ ಪರೀಕ್ಷೆ ಮಾಡಿ ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಿದ್ದರು. ರೋಗ ಇಲ್ಲದವರ ಹೆಸರು ಕಪ್ಪು ಶಾಯಿಯಲ್ಲಿ, ಇದ್ದವರ ಹೆಸರು ಕೆಂಪು ಶಾಯಿಯಲ್ಲಿ. ಬೇರೆ ಒಂದಕ್ಷರವೂ ಇಲ್ಲ. ಕ್ಷಯ ಎಂಬ ಶಬ್ದವನ್ನು ಹೊರಗೆ ಹೋಗುವ ಯಾವ ಕಾಗದದ ಮೇಲೂ ಬರೆಯಬಾರದು ಎಂದು ಹಳೆಯ ಡಾಕ್ಟರು ಕಟ್ಟಳೆ ಹಾಕಿದ್ದರು. ಪಟ್ಟಿ ಬಸ್ಸಿನಲ್ಲಿ ಹೋಗುತ್ತದೆ. ಕಂಡಕ್ಟರ್ ನೋಡುತ್ತಾನೆ, ಸ್ಟ್ಯಾಂಡಿನ ಚಹಾದಂಗಡಿಯವನು ನೋಡುತ್ತಾನೆ. ಒಬ್ಬ ಓದಿದರೆ ಸಾಕು, ಆ ಮನೆಗೆ ಹೆಣ್ಣು ಕೊಡುವವರಿಲ್ಲ, ಆ ಮನೆಯಿಂದ ಹೆಣ್ಣು ತರುವವರಿಲ್ಲ. ಅದಕ್ಕೇ ಬಣ್ಣ ಮಾತ್ರ. ಗುಟ್ಟು ತಿಳಿದವರು ಕಾಕಾ, ಹೆಡ್ ಕ್ಲರ್ಕ್, ಇಬ್ಬರು ಕಂಪೌಂಡರುಗಳು.

ಎಷ್ಟೋ ವರ್ಷ ಕಾಕಾ ಎರಡೂ ಊರಿನ ಪಟ್ಟಿಗಳನ್ನು ತಮ್ಮ ಕೈಯಿಂದಲೇ ಬರೆದು ಕಳಿಸುತ್ತಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ದವಾಖಾನೆಗೆ ಒಂದು ಇಂಗ್ಲಿಷ್ ಟೈಪ್‌ರೈಟರ್ ಬಂತು. ಅದರ ಹಿಂದೆ ನಾನು ಬಂದೆ. ನನಗಾಗ ಹತ್ತೊಂಬತ್ತು, ಪಿಯುಸಿ ಆಗಿತ್ತು. ಮಷೀನಿನ ರಿಬ್ಬನ್ನಿಗೆ ಎರಡು ಬಣ್ಣ, ಮೇಲೆ ಕಪ್ಪು, ಕೆಳಗೆ ಕೆಂಪು. ಸಣ್ಣದೊಂದು ಕೀಲಿ ತಿರುವಿದರೆ ಅಕ್ಷರ ಕೆಂಪಾಗುತ್ತಿತ್ತು. “ರಿಜಿಸ್ಟರಿನಾಗ ಕೆಂಪು ಇದ್ದದ್ದು ಕೆಂಪು ಹೊಡಿ, ಕಪ್ಪು ಇದ್ದದ್ದು ಕಪ್ಪು ಹೊಡಿ. ಕೆಳಗ ಕಾರ್ಬನ್ ಇಡು” ಎಂದು ಹೆಡ್ ಕ್ಲರ್ಕ್ ಹೇಳಿಕೊಟ್ಟರು. ಯಾಕೆ ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಮೇಲಿನ ಹಾಳೆ ನಮ್ಮ ಫೈಲಿಗೆ, ಕೆಳಗಿನ ಕಾರ್ಬನ್ ಕಾಪಿ ದೇವದುರ್ಗದ್ದು ದೇವದುರ್ಗಕ್ಕೆ, ಮಾನ್ವಿಯದು ಮಾನ್ವಿಗೆ. ಒಂದು ಅಕ್ಷರ ಅಳಿಸದಂತೆ, ಒಂದು ಬೆರಳು ಮೂಡದಂತೆ ಕಾಪಿ ತೆಗೆಯುತ್ತಿದ್ದೆ. ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕುಂತು ದುಡಿದವಳು ನಾನೇ ಮೊದಲು. ಆ ಸ್ವಚ್ಛ ಕಾಪಿಗಳನ್ನು ನೋಡಿ ನನಗೇ ಹೆಮ್ಮೆ.

ಎರಡು ತಿಂಗಳಾಗಿರಬೇಕು. ಮಾನ್ವಿಯ ಕಡೆಯ ಒಬ್ಬ ಮನುಷ್ಯ ಹೆಂಡತಿಯನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದ. ಆಕೆಯ ಸೆರಗೆಲ್ಲ ರಕ್ತ. ಕಾಕಾ ಹೊರಗೆ ಬಂದು ಹೆಸರು ಕೇಳಿದರು. ಕೇಳಿದವರೇ ಒಳಗೆ ಹೋಗಿ ರಿಜಿಸ್ಟರ್ ತಂದರು. ಅವಳ ಹೆಸರು ಕೆಂಪು ಶಾಯಿಯಲ್ಲಿತ್ತು, ಎರಡು ತಿಂಗಳ ಹಿಂದಿನ ತಾರೀಖಿನಲ್ಲಿ.

“ಕಂಪೌಂಡರ ಗುಳಿಗಿ ಕೊಡಲಿಲ್ಲೇನೋ?”

“ಇಲ್ರೀ ಯಪ್ಪಾ. ಏನೂ ಇಲ್ಲ, ಬರೇ ಕೆಮ್ಮು, ಹೋಗು ಅಂದ್ರು. ಈ ಸಲ ಯಾರಿಗೂ ಇಲ್ಲ ಅಂತ ನಗಾಕತ್ತಿದ್ರು.”

ಕಾಕಾ ಮರುದಿನ ಮಾನ್ವಿಗೆ ಹೋಗಿ ನಾನು ಟೈಪ್ ಮಾಡಿದ ಕಾರ್ಬನ್ ಕಾಪಿಗಳನ್ನು ತಂದರು. ಟೈಪಿಂಗ್ ಕೋಣೆಯ ಕಿಟಕಿಯ ಬೆಳಕಿಗೆ ಒಂದೊಂದನ್ನೇ ಎತ್ತಿ ಹಿಡಿದರು. ಎಲ್ಲ ಹೆಸರೂ ಒಂದೇ ನೀಲಿಗಪ್ಪು. ಆಮೇಲೆ ನನ್ನ ಕಡೆ ತಿರುಗಿ, ಕೆಂಪೆಂದರೆ ಏನು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಎರಡು ಊರಿಗೂ ಕೂಡಿ ಆ ಪಟ್ಟಿಗಳಲ್ಲಿ ಒಂಬತ್ತು ಕೆಂಪು ಹೆಸರುಗಳಿದ್ದವು. ಎಂಟು ಮಂದಿಯನ್ನು ಹುಡುಕಿ ಗುಳಿಗೆ ಶುರು ಮಾಡಿಸಿದರು. ಮಾನ್ವಿಯ ಆ ಹೆಣ್ಣುಮಗಳು ಎರಡನೆಯ ವಾರ ತೀರಿಕೊಂಡಳು. ಅವಳ ಗಂಡ ಸುದ್ದಿ ಹೇಳಲು ಬಂದವನು ನನ್ನ ಮಷೀನಿನ ಮುಂದೆ ನಿಂತು ಕೇಳಿದ: “ಇಲ್ಲಿ ಇತ್ತಂತಲ್ರೀ ಕೆಂಪು. ನಡುವ ಎಲ್ಲಿ ಹೋತ್ರೀ ಅಕ್ಕೋರ?”

ಹೆಡ್ ಕ್ಲರ್ಕ್ ಹತ್ತಿರ ಕಾಕಾ ಹೋದಾಗ ನಾನೂ ಹಿಂದೆ ನಿಂತಿದ್ದೆ.

“ಕಾರ್ಬನ್ನಿನಾಗ ಕೆಂಪು ಹ್ಯಾಂಗ ಇಳೀತದಲೇ? ಕಾರ್ಬನ್ ಇರೂದ ಕಪ್ಪು. ಆಗಾಂಗಿಲ್ಲ ಅದು” ಎಂದರು ಹೆಡ್ ಕ್ಲರ್ಕ್.

“ಸಾಹೇಬ್ರ, ನಾ ಗಾಜಿಗೆ ಕೆಂಪು ಬಣ್ಣ ಹಾಕಿ ಆ್ಯಸಿಡ್ ಹೊಯ್ತೀನಿ. ಎಲ್ಲಾದರ ಕೆಂಪೂ ತೊಳದು ಹೋಗ್ತದ. ಆ ಹಾಳಾದ ರೋಗದ ಹುಳ ಒಂದ ಕೆಂಪು ಬಿಡಂಗಿಲ್ಲ. ಹುಳಕ್ಕ ಬರೂದು ನಮಗ ಬರಾಂಗಿಲ್ಲೇನ್ರೀ?”

“ಹಂಗಾರ ಆ ಹುಳಕ್ಕ ಟೈಪಿಂಗ್ ಕಲಸು, ಹೋಗು.”

ಕಾಕಾ ಮೊದಲು ಕೆಂಪು ಕಾರ್ಬನ್ ತರಿಸಿದರು. ಅದನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಕೆಂಪು ಹೆಸರು ಬೀಳುವ ಜಾಗಕ್ಕೆ ಸರಿಯಾಗಿ ಹಾಳೆಗಳ ನಡುವೆ ತುರುಕಿ ನೋಡಿದೆವು. ರೋಲರ್ ತಿರುಗಿದೊಡನೆ ಪಟ್ಟಿ ಜಾರಿ ಪಕ್ಕದ ಹೆಸರಿನ ಮೇಲೆ ಕುಂತಿತು. ಮೂರು ದಿನ ಒದ್ದಾಡಿದೆವು. ಪ್ರತಿಯೊಂದು ಕಾಪಿಗೂ ಕೈಯಿಂದ ಕೆಂಪು ಪೆನ್ಸಿಲ್ ಎಳೆಯೋಣವೆಂದರೆ, ಟೈಪ್ ಆದ ಕಾಗದಕ್ಕೆ ಜವಾನ ಕೈ ಹಚ್ಚಬಾರದು, ಟೈಪಿಸ್ಟೂ ಪೆನ್ಸಿಲ್ ಹಚ್ಚಬಾರದು, ಕಾಪಿ ನೇರ ತಮ್ಮ ಟೇಬಲ್ಲಿಗೆ ಬಂದು ಟಪಾಲಿಗೆ ಹೋಗಬೇಕು ಎಂದು ಹೆಡ್ ಕ್ಲರ್ಕ್ ಹುಕುಂ ಹೊರಡಿಸಿದರು. ಅವರ ದೃಷ್ಟಿಯಲ್ಲಿ ಕಾಕಾ ಜವಾನರೇ. ಪಗಾರದ ರೋಲಿನಲ್ಲಿ ಇದ್ದದ್ದೂ ಹಾಗೆಯೇ.

ನಾಲ್ಕನೆಯ ದಿನ ಕಾಕಾ ರೊಟ್ಟಿ ತಿನ್ನುತ್ತ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಗೋಡೆಯ ಪಕ್ಕದ ಖಾಲಿ ಜಾಗದಲ್ಲಿ ಯಾರದೋ ಕುರಿಗಳು, ಆಗ ತಾನೇ ಉಣ್ಣೆ ಕತ್ತರಿಸಿದಂಥವು.

“ತಂಗೀ, ಅವು ಯಾರ ಕುರಿ ಹೇಳು?”

“ನನಗೇನು ಗೊತ್ತು ಕಾಕಾ? ಎಲ್ಲಾ ಒಂದ ಥರ ಬೋಳು ಆಗ್ಯಾವ.”

“ನಮ್ಮ ಊರಾಗ ಮೂರು ಮನಿ ಕುರಿ ಕೂಡೇ ಮೇಯ್ತಾವ. ಗುರುತಿಗೆ ಬೆನ್ನ ಮ್ಯಾಲ ಹುರುಮಂಜು ಬಳೀತೀವಿ, ಕೆಂಪು ಮಣ್ಣು. ಉಣ್ಣಿ ಕತ್ತರಿಸಿದ್ರ ಉಣ್ಣಿ ಕೂಡ ಕೆಂಪೂ ಹೋತು. ಅದಕ್ಕ ಮರಿ ಇದ್ದಾಗನ ಕಿವಿಗೆ ಕಚ್ಚು ಹಾಕಿರತೀವಿ. ಕತ್ತರಿ ಕಿವಿಗೆ ಹೋಗಾಂಗಿಲ್ಲ. ನಮ್ಮಪ್ಪ ಕಣ್ಣು ಮುಚ್ಚಿ ಕಿವಿ ಸವರಿ, ‘ನಮ್ಮದ ಅದ’ ಅಂತಿದ್ದ. ಅವ ಅಂದ ಮ್ಯಾಲ ಮತ್ತ ಹುರುಮಂಜು ಬಳಿಯೂದು.”

ಅಷ್ಟು ಹೇಳಿದವರು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ನನ್ನ ಮಷೀನಿನ ಹತ್ತಿರ ಬಂದರು. “ಇದರಾಗ ಹೆಸರಿಗೆ ಹತ್ತದ ಅಕ್ಷರ ಯಾವುದರ ಅದ ಏನು?”

ಚುಕ್ಕಿ ಇತ್ತು. ಬಿಂದುವಲ್ಲ, ಆಕಾಶದ ಚುಕ್ಕಿಯಂಥ, ನಕ್ಷತ್ರದಂಥ ಗುರುತು, ಯಾವ ಹೆಸರಿನಲ್ಲೂ ಬರುವುದಿಲ್ಲ. ಕೆಂಪು ಶುರುವಾಗುವ ಮುಂಚೆ ಒಂದು ಚುಕ್ಕಿ, ಕೆಂಪು ಮುಗಿದ ಮೇಲೆ ಎರಡು ಚುಕ್ಕಿ. ಕಾರ್ಬನ್ ಬಣ್ಣ ಬಿಟ್ಟರೂ ಅಕ್ಷರ ಬಿಡುವುದಿಲ್ಲವಲ್ಲ. ಕಾಕಾ ದೇವದುರ್ಗಕ್ಕೂ ಮಾನ್ವಿಗೂ ಒಂದೊಂದು ಕೆಂಪು ಪೆನ್ಸಿಲ್ ಕೊಟ್ಟು ಬಂದರು: ಪಟ್ಟಿ ಕೈಗೆ ಬಂದ ಕೂಡಲೇ ಒಂದು ಚುಕ್ಕಿಯಿಂದ ಎರಡು ಚುಕ್ಕಿಯವರೆಗೆ ಕೆಂಪು ಬಳಿಯಬೇಕು, ಆಮೇಲೆಯೇ ಓದಬೇಕು. ಹೆಡ್ ಕ್ಲರ್ಕ್ ಮೊದಲ ಪಟ್ಟಿ ನೋಡಿ, “ಇದೇನಿದು ಕಾಗಿ ಹೆಜ್ಜಿ ಇಟ್ಟಂಗ?” ಎಂದು ರಬ್ಬರ್ ಎತ್ತಿಕೊಂಡರು. ಆ ದಿನ ಮಾತ್ರ ಕಾಕಾ ಅವರ ಕೈ ಹಿಡಿದರು. ಮಣಿಕಟ್ಟು ಹಿಡಿದು, ಬಿಡದೆ, ಮೆಲ್ಲಗೆ ಹೇಳಿದರು: “ಸಾಹೇಬ್ರ, ಮಾನ್ವ್ಯಾಗ ಆ ಹೆಣ್ಣುಮಗಳನ್ನ ಮಣ್ಣು ಮಾಡಿದ ಜಾಗ ತೋರಸ್ತೀನಿ ಬರ್ರಿ, ಅಲ್ಲಿ ಕುಂತು ಅಳಸ್ರಿ.” ಹೆಡ್ ಕ್ಲರ್ಕ್ ರಬ್ಬರ್ ಕೆಳಗಿಟ್ಟರು.

ಮುಂದಿನ ತಿಂಗಳು ಎರಡೂ ಊರಿನ ಪಟ್ಟಿಗಳು ನೋಡುವುದಕ್ಕೆ ವಾಪಸ್ ಬಂದವು. ಕೆಂಪು ಇರಬೇಕಾದಲ್ಲಿ ಕೆಂಪಿತ್ತು. ಕಾಕಾ ರಿಜಿಸ್ಟರಿನ ಜೊತೆ ಒಂದೊಂದು ಹೆಸರನ್ನೂ ತಾಳೆ ನೋಡಿ, ಎದ್ದು ಕೈ ತೊಳೆದುಕೊಳ್ಳಲು ಹೋದರು.

ನಾನು ಅಷ್ಟರಲ್ಲಿ ಬಿ.ಎ.ಗೆ ಖಾಸಗಿಯಾಗಿ ಕಟ್ಟಿದ್ದೆ. ಓದಲು ಜಾಗವಿರಲಿಲ್ಲ, ನಾನಿದ್ದ ಚಿಗವ್ವನ ಮನೆಯಲ್ಲಿ ಒಂದು ಕೋಣೆಗೆ ಏಳು ಮಂದಿ. ಕಾಕಾ ತಮ್ಮ ಲ್ಯಾಬಿನ ಬಾಗಿಲ ಹೊರಗೆ ಒಂದು ಸ್ಟೂಲ್ ಹಾಕಿಕೊಟ್ಟರು. “ಒಳಗ ಬರಬ್ಯಾಡ, ಒಳಗ ಗಾಳಿ ಚಲೋ ಇಲ್ಲ. ಅಲ್ಲೇ ಕುಂತು ಗಟ್ಟಿ ಓದು. ನನ್ನ ಕಣ್ಣಿಗೆ ಕೆಲಸ ಅದ, ಕಿವಿ ಖಾಲಿ ಅದಾವ.” ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವರಿಗೆ ಒಂದು ಶಬ್ದದ ಅರ್ಥವೂ ಗೊತ್ತಿಲ್ಲ. ಆದರೂ ಬೀಜ ಸರಿಸುತ್ತಲೇ, “ಇಲ್ಲಿ ಎಡವಿದಿ ನೋಡು. ಮತ್ತ ಓದು” ಎನ್ನುತ್ತಿದ್ದರು. ಎಡವಿದ್ದು ಖರೆಯಾಗಿರುತ್ತಿತ್ತು. ಇಂಗ್ಲಿಷಿನಲ್ಲಿ ನಾನು ಎರಡು ಸಲ ಫೇಲಾದೆ. ಎರಡನೆಯ ಸಲ ಅತ್ತಾಗ, “ನೂರು ಜಾಗ ನೋಡಬೇಕು ಅಂದ್ರ ನೂರು. ನೀ ಇಪ್ಪತ್ತಕ್ಕ ತಲಿ ಎತ್ತೀದಿ” ಎಂದು ಇನ್ನೊಂದು ಗಾಜು ಎತ್ತಿಕೊಂಡರು.

ನನ್ನ ತಪ್ಪನ್ನೂ ಬರೆಯಬೇಕು.

ಒಂದು ದಿನ ದೇವದುರ್ಗದ ಪಟ್ಟಿ ಟೈಪ್ ಮಾಡುತ್ತಿದ್ದೆ. ರಿಜಿಸ್ಟರಿನ ಐದನೆಯ ಹೆಸರು ಕೆಂಪು. ಓದಿದರೆ, ನನ್ನ ಸೋದರಮಾವನದು. ಚುಕ್ಕಿ ಹಾಕಿದೆ, ಮಾವನ ಹೆಸರು ಹೊಡೆದೆ. ಅಲ್ಲಿಗೆ ನಿಲ್ಲಿಸಿದೆ. ಎದ್ದು ಹೋಗಿ ನೀರು ಕುಡಿದು, ಮುಖ ತೊಳೆದು ಬಂದು, ಆರನೆಯ ಹೆಸರಿನಿಂದ ಮುಂದುವರಿಸಿದೆ. ಎರಡು ಚುಕ್ಕಿ ಹಾಕಿದ್ದೇನೆಂದೇ ತಿಳಿದಿದ್ದೆ. ಹಾಕಿರಲಿಲ್ಲ.

ದೇವದುರ್ಗದ ಕಂಪೌಂಡರ್ ಹೇಳಿದಂತೆ ಕೇಳುವ ಮನುಷ್ಯ. ಒಂದು ಚುಕ್ಕಿಯಿಂದ ಬಳಿಯತೊಡಗಿದ. ಎರಡು ಚುಕ್ಕಿ ಸಿಗದೆ ಪಟ್ಟಿಯ ಕೊನೆಯವರೆಗೂ ಬಳಿದ. ಮಾವ ಮತ್ತು ಮಾವನ ಕೆಳಗಿನ ಏಳು ಮಂದಿ. ಎಂಟು ಮನೆಗಳ ಬಾಗಿಲು ತಟ್ಟಿದ. ಒಬ್ಬ ಮುದುಕಿಯ ತಾಟನ್ನು ಮನೆಯವರು ಹೊರಗಿಟ್ಟರು. ಮದುವೆಯಾಗಿ ಮೂರು ತಿಂಗಳಾಗಿದ್ದ ಒಬ್ಬಳನ್ನು ಗಂಡನ ಮನೆಯವರು ಅದೇ ದಿನದ ಬಸ್ಸಿಗೆ ತವರಿಗೆ ಕಳಿಸಿದರು. ಆ ಏಳು ಮಂದಿಗೂ ಏನೂ ಇರಲಿಲ್ಲ.

ಸುದ್ದಿ ಬಂದಾಗ ಹೆಡ್ ಕ್ಲರ್ಕ್ ಕಾಕಾನನ್ನು ಕೇಳಲೇ ಇಲ್ಲ. ‘ಸದರಿ ಪಟ್ಟಿಯ ಕೆಂಪು ಗುರುತುಗಳನ್ನೆಲ್ಲ ರದ್ದುಪಡಿಸಲಾಗಿದೆ’ ಎಂದು ಒಂದು ಕಾಗದ ಕಳಿಸಿಬಿಟ್ಟರು. ಕಂಪೌಂಡರ್ ಎಂಟೂ ಹೆಸರಿನ ಕೆಂಪು ಅಳಿಸಿದ. ಮಾವ ಬೀಡಿ ಹಚ್ಚಿಕೊಂಡು ಹತ್ತಿಯ ಗಿರಣಿಗೆ ದುಡಿಯಲು ಹೋದರು.

ನಾನು ಕಾಕಾ ಎದುರು ಹೋಗಿ ನಿಂತು, ಚುಕ್ಕಿ ಮರೆತದ್ದನ್ನೂ ಯಾಕೆ ಮರೆತೆ ಎಂಬುದನ್ನೂ ಹೇಳಿದೆ. ಅವರು ಹತ್ತನೆಯ ಬೀಜ ಸರಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಮಾವನ ಗಾಜನ್ನು ಹುಡುಕಿ ತೆಗೆದರು, ಸೂಕ್ಷ್ಮದರ್ಶಕವನ್ನು ಕಂಬಳಿಯಲ್ಲಿ ಸುತ್ತಿ ಕೂಸಿನಂತೆ ಎದೆಗೆ ಆನಿಸಿಕೊಂಡರು, “ನಡಿ” ಎಂದರು. ದೇವದುರ್ಗದ ಬಸ್ಸಿನಲ್ಲಿ ಇಡೀ ದಾರಿ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಏಳು ಮನೆಗಳಿಗೂ ಹೋದರು. ಪ್ರತಿ ಮನೆಯಲ್ಲೂ ರಿಜಿಸ್ಟರ್ ಬಿಚ್ಚಿ ಕಪ್ಪು ಹೆಸರು ತೋರಿಸಿ, “ತಪ್ಪು ನಮ್ಮದು” ಎಂದರು. ನನ್ನದು ಎನ್ನಲಿಲ್ಲ. ನಾನು ಪಕ್ಕದಲ್ಲಿಯೇ ನಿಂತಿದ್ದೆ. ಆ ಮುದುಕಿಯ ತಾಟು ಒಳಗೆ ಬಂತು. ತವರಿಗೆ ಹೋದವಳನ್ನು ಮಾತ್ರ ಗಂಡನ ಮನೆಯವರು ವಾಪಸ್ ಕರೆಸಿಕೊಳ್ಳಲಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ. ಅವಳ ಹೆಸರು ಪಟ್ಟಿಯಲ್ಲಿ ಒಂಬತ್ತನೆಯದು. ಇಂದಿಗೂ ನನಗೆ ಅದು ಬಾಯಿಪಾಠ.

ಕೊನೆಗೆ ಮಾವನ ಮನೆ. ಮಾವ ಕಟ್ಟೆಯ ಮೇಲಿಂದ ಏಳಲೇ ಇಲ್ಲ.

“ಮೊದಲ ಅದ ಅಂದ್ರಿ. ಆಮ್ಯಾಲ ಇಲ್ಲ ಅಂದ್ರಿ. ಈಗ ಮತ್ತ ಅದ ಅಂತೀರಿ. ಏನ್ರೀ, ನನ್ನ ಎದಿ ಅಂದ್ರ ಬಸ್ ಸ್ಟ್ಯಾಂಡೇನು?”

ಕಾಕಾ ಬಿಸಿಲು ಬೀಳುವ ಜಾಗದಲ್ಲಿ ಸೂಕ್ಷ್ಮದರ್ಶಕ ಇಟ್ಟು, ಗಾಜು ಏರಿಸಿ, ಸರಿಪಡಿಸಿ, “ಬರ್ರಿ, ನಿಮ್ಮ ಕಣ್ಣಿಂದ ನೋಡ್ರಿ. ಬಲಗಣ್ಣು ಹಚ್ಚರಿ, ಎಡದ್ದು ಮುಚ್ಚರಿ” ಎಂದರು.

ಮಾವ ಬಗ್ಗಿದರು. ಎಷ್ಟೋ ಹೊತ್ತು ಏಳಲಿಲ್ಲ.

“ಏನ್ ಕಾಣ್ತದ?”

“ನೀಲಿ ಅದ. ನೀಲಿ ಒಳಗ ಸಣ್ಣ ಸಣ್ಣ ಕೆಂಪು ಕಡ್ಡಿ ಬಿದ್ದಾವ.”

“ಆ ಕಡ್ಡಿ ನಿಮ್ಮವು.”

ಮಾವನ ಕೈಯೊಳಗಿನ ಬೀಡಿ ತಾನಾಗಿಯೇ ಕೆಳಗೆ ಬಿತ್ತು. ನನ್ನ ಕಡೆ ನೋಡಿ, “ಇದನ್ನೆಲ್ಲಾ ಬರಿಯಾಕಿ ನೀನೇನಬೇ?” ಎಂದರು. ಹೌದು ಎಂದೆ. ಅವತ್ತಿನಿಂದ ಡಿಗ್ರಿಯ ಬಗ್ಗೆ ಆಡಿಕೊಳ್ಳುವುದನ್ನು ಬಿಟ್ಟರು. ಒಂದೂವರೆ ವರ್ಷ ಗುಳಿಗೆ ನುಂಗಿ, ಸೂಜಿ ಚುಚ್ಚಿಸಿಕೊಂಡು ಬದುಕಿದರು.

ಕಾಕಾ ಬದುಕಲಿಲ್ಲ.

ಅದಾಗಿ ಮೂರು ವರ್ಷಕ್ಕಿರಬೇಕು. ಒಂದು ಸಂಜೆ ರಿಜಿಸ್ಟರನ್ನು ನನ್ನ ಟೇಬಲ್ಲಿನ ಮೇಲಿಟ್ಟು ಬಾಗಿಲ ಹತ್ತಿರ ಹೋಗಿ ನಿಂತರು. ಎಂದೂ ಹಾಗೆ ನಿಲ್ಲುವವರಲ್ಲ. ಪುಟದ ಕೊನೆಯಲ್ಲಿ 'ರಾಯಚೂರು, ದವಾಖಾನೆ' ಎಂದು ಬರೆದು ಅದರ ಮುಂದೆ ಅವರದೇ ಹೆಸರು, ಕೆಂಪು ಶಾಯಿಯಲ್ಲಿ, ಅವರದೇ ಅಕ್ಷರದಲ್ಲಿ. ತಮ್ಮ ಗಾಜನ್ನು ತಾವೇ ನೋಡಿದ್ದರು. ನೂರು ಜಾಗ ಪೂರ್ತಿ ನೋಡಿದ್ದರು; ಲ್ಯಾಬಿನಲ್ಲಿ ಎಡಗಡೆಯ ಮುಚ್ಚಳದಲ್ಲಿ ಹತ್ತು ಬೀಜಗಳಿದ್ದವು.

“ಕಾಕಾ…”

“ಹೊಡಿ ತಂಗಿ. ಎರಡು ಚುಕ್ಕಿ ಮರೀಬ್ಯಾಡ. ನನ್ನ ಕೆಂಪು ಇನ್ನೊಬ್ಬರಿಗೆ ಹತ್ತಬಾರದು.”

ಒಂದು ಚುಕ್ಕಿ, ಹೆಸರು, ಎರಡು ಚುಕ್ಕಿ. ಮೂರು ಸಲ ಎಣಿಸಿದೆ.

ನಮ್ಮಲ್ಲಿದ್ದ ಗುಳಿಗೆಗಳು ಅವರಿಗೆ ಹತ್ತಲಿಲ್ಲ. ಹೊರ ಜಿಲ್ಲೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಇಂಥ ಕೆಲಸ ಮಾಡುತ್ತ ರೋಗ ಹತ್ತಿಸಿಕೊಂಡವರಿಗೆಂದು ನಾಲ್ಕು ಹಾಸಿಗೆ ಕಾದಿಟ್ಟಿದ್ದರು, ಹೊಸ ಔಷಧವೂ ಅಲ್ಲಿತ್ತು. ಬೇಕಾದದ್ದು ಒಂದೇ, ಲ್ಯಾಬಿನಲ್ಲಿ ಕಫ ಪರೀಕ್ಷೆ ಮಾಡುತ್ತಿದ್ದರು ಎಂದು ದವಾಖಾನೆಯ ಒಂದು ಸರ್ಟಿಫಿಕೇಟ್. ಕಾಕಾ ಹೆಡ್ ಕ್ಲರ್ಕರ ಬಾಗಿಲಲ್ಲಿ, ಬಾಯಿಗೆ ಅರಿವೆ ಹಿಡಿದು, ದೂರ ನಿಂತು ಕೇಳಿದರು.

“ರೋಲಿನಾಗ ನೀ ಜವಾನ” ಎಂದರು ಹೆಡ್ ಕ್ಲರ್ಕ್. “ಲ್ಯಾಬಿನಾಗ ಹತ್ತಿತು ಅಂತ ಬರಕೊಟ್ರ ನಾಳಿ ಮಂದಿ ಕೇಳ್ತಾರ, ಏಳನೇ ಕ್ಲಾಸಿನಾಂವ ಇಷ್ಟು ವರ್ಷ ನಮ್ಮ ಕಫ ನೋಡಿದ್ನಾ ಅಂತ. ಯಾರು ಉತ್ತರ ಕೊಡವ್ರು?”

“ನೋಡಿದ್ದು ಖರೆ ಅಲ್ಲೇನ್ರೀ ಸಾಹೇಬ್ರ?”

“ಖರೆ ಇರಲಿ. ಕಾಗದದ ಮ್ಯಾಲ ಬರಾಂಗಿಲ್ಲ. ನಾ ಈ ಕುರ್ಚಿ ಮ್ಯಾಲ ಇರೂತನಕ ಆಗಾಂಗಿಲ್ಲ.”

ನಾನು ನನ್ನ ಮಷೀನಿನ ಮುಂದೆ ಕುಂತು ಅದನ್ನೆಲ್ಲ ಕೇಳಿದೆ. ಸರ್ಟಿಫಿಕೇಟ್ ನಾನೇ ಟೈಪ್ ಮಾಡಬಹುದಿತ್ತು; ಸಹಿ ಹಾಕುವವರು ಅವರೇ, ಮೊಹರು ಒತ್ತುವ ಸಿಕ್ಕವೂ ಅವರ ಕಪಾಟಿನಲ್ಲಿತ್ತು. ಕಾಕಾ ಲ್ಯಾಬಿಗೆ ಹೋಗಿ ಸ್ಟೂಲಿನ ಮೇಲಿನ ಕಂಬಳಿ ಎತ್ತಿಕೊಂಡರು, ಬೀಜಗಳನ್ನೆಲ್ಲ ಬಲಗಡೆಯ ಮುಚ್ಚಳಕ್ಕೆ ತುಂಬಿಟ್ಟರು, ಯಾಪಲದಿನ್ನಿಯ ಬಸ್ಸಿಗೆ ಹೋದರು. ಊರಲ್ಲಿ ಮನೆಯೊಳಗೆ ಮಲಗಲಿಲ್ಲವಂತೆ. ಕುರಿಹಟ್ಟಿಯ ಹೊರಗೆ, ಗಾಳಿಯಾಡುವ ಕಡೆ, ತಾವೇ ಒಂದು ಚಪ್ಪರ ಹಾಕಿಸಿಕೊಂಡು, ಯಾರೂ ಹತ್ತು ಮಾರಿಗಿಂತ ಹತ್ತಿರ ಬರಕೂಡದೆಂದು ಕಲ್ಲು ಇಟ್ಟಿದ್ದರು. ಒಂದು ಭಾನುವಾರ ನಾನು ಹೋದಾಗ ಆ ಕಲ್ಲಿನ ಆಚೆಯಿಂದಲೇ ಮಾತಾಡಿದರು.

“ಇಂಗ್ಲಿಷ್ ಏನಾತು?”

“ಪಾಸಾತು ಕಾಕಾ. ಎಲ್ಲಾ ಪಾಸಾತು. ಡಿಗ್ರಿ ಬಂತು.”

ಅವರು ತುಸು ಹೊತ್ತು ಕೆಮ್ಮಿ ಸುಧಾರಿಸಿಕೊಂಡು, “ಗಟ್ಟಿ ಓದಿ ತೋರಸು” ಎಂದರು. ಚೀಲದಿಂದ ಡಿಗ್ರಿಯ ಕಾಗದ ತೆಗೆದು, ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ, ಆ ಬಯಲಿನಲ್ಲಿ ನಿಂತು ಗಟ್ಟಿಯಾಗಿ ಓದಿದೆ. “ಎಲ್ಲೂ ಎಡವಲಿಲ್ಲ” ಎಂದರು. ಅವರು ನನಗೆ ಆಡಿದ ಕಡೆಯ ಮಾತು ಅದು. ಇಪ್ಪತ್ತು ದಿನಕ್ಕೆ ತೀರಿಕೊಂಡರು.

ಎಂಬತ್ತರ ದಶಕ ಶುರುವಾಗಿ ಎರಡು ವರ್ಷಕ್ಕೆ ಹೆಡ್ ಕ್ಲರ್ಕ್ ನಿವೃತ್ತರಾದರು. ಆ ಕುರ್ಚಿಗೆ ಡಿಗ್ರಿ ಬೇಕೆಂದು ಸಂಸ್ಥೆಯ ನಿಯಮವಿತ್ತು. ದವಾಖಾನೆಯಲ್ಲಿ ಡಿಗ್ರಿ ಇದ್ದವಳು ನಾನೊಬ್ಬಳೇ. ಕಪಾಟಿನ ಕೀಲಿಕೈ ನನಗೆ ಬಂದ ದಿನ ಬೇರೆ ಯಾವ ಕಾಗದವನ್ನೂ ಮುಟ್ಟಲಿಲ್ಲ. ಮಷೀನಿಗೆ ಹೊಸ ರಿಬ್ಬನ್ ಹಾಕಿ, ಕಾಕಾ ಇಷ್ಟು ವರ್ಷ ಈ ದವಾಖಾನೆಯ ಲ್ಯಾಬಿನಲ್ಲಿ ಕಫ ಪರೀಕ್ಷೆ ಮಾಡಿದರು, ಆ ಕೆಲಸದಿಂದಲೇ ರೋಗ ಹತ್ತಿ ತೀರಿಕೊಂಡರು ಎಂದು ಟೈಪ್ ಮಾಡಿದೆ. ಅವರ ಹೆಸರನ್ನು ಕೆಂಪಿನಲ್ಲಿ ಹೊಡೆದೆ. ಹಳೆಯ ಡಾಕ್ಟರ ನಂತರ ಎಷ್ಟೋ ವರ್ಷ ಖಾಲಿ ಇದ್ದ ಜಾಗಕ್ಕೆ ಬಂದಿದ್ದ ಹೊಸ ಡಾಕ್ಟರು ರಿಜಿಸ್ಟರುಗಳನ್ನು ತಿರುವಿ ನೋಡಿ ಸಹಿ ಹಾಕಿದರು. ಹಾಸಿಗೆ ಬೇಕಾಗಿದ್ದವರು ಮಣ್ಣಿನಲ್ಲಿದ್ದರು. ಆದರೂ ಸಿಕ್ಕ ಒತ್ತಿದೆ.

ಯಾಪಲದಿನ್ನಿಗೆ ನಾನೂ ಮಾವನೂ ಹೋದೆವು. ಮಾವ ತಾವಾಗಿಯೇ ಬರುತ್ತೇನೆಂದರು. ಆ ಕಲ್ಲಿನ ಹತ್ತಿರ ಹೋಗಿ ಕುಂತುಬಿಟ್ಟರು, ಏಳಲಿಲ್ಲ. ಕಾಕಾನ ಹೆಂಡತಿ ಹಟ್ಟಿಯ ಮುಂದೆ ಉಣ್ಣೆ ಬಿಡಿಸುತ್ತಿದ್ದರು. ಓದು ಬಾರದು. ನಾನು ಸರ್ಟಿಫಿಕೇಟನ್ನು ಓದಿ ಹೇಳಿ ಅವರ ಕೈಗಿಟ್ಟೆ. ಎರಡೂ ಅಂಗೈ ಸೀರೆಗೆ ಒರೆಸಿಕೊಂಡು ತೆಗೆದುಕೊಂಡರು.

“ಈ ಕೆಂಪು ಇದ್ದದ್ದು ಅವರ ಹೆಸರೇನವ್ವ?”

“ಹೌದು ಕಾಕಿ.”

ಕಾಗದವನ್ನು ಬಿಸಿಲಿಗೆ ಹಿಡಿದರು. “ಕೆಂಪು ಚಂದ ಅದ. ಆದ್ರ ಕೆಂಪು ಉಳಿಯಂಗಿಲ್ಲವ್ವ, ಹೋಗ್ತದ. ಕಚ್ಚು ಹಾಕೀ ಇಲ್ಲೋ?”

ನಾನು ಕಾಗದವನ್ನು ಮಗುಚಿ, ಅವರ ಬೆರಳು ಹಿಡಿದು, ಅಕ್ಷರಗಳು ಹಿಂದೆ ಒತ್ತಿ ಉಬ್ಬಿದ್ದ ಕಡೆ ಇಟ್ಟೆ. ಹೆಸರಿನ ಒಂದು ಕಡೆ ಒಂದು ಚುಕ್ಕಿ. ಇನ್ನೊಂದು ಕಡೆ ಎರಡು. ಕಾಕಿ ಕಣ್ಣು ಮುಚ್ಚಿಕೊಂಡರು. ಬೆರಳು ಅತ್ತಿಂದಿತ್ತ ಎರಡು ಸಲ ಸರಿದಾಡಿತು.

“ಹೂಂ” ಎಂದರು. “ನಮ್ಮದ ಅದ.”